ಹೆಸರಿಟ್ಟ ಗಿಡಗಳು

ತಾವೇ ಕಾಡಿನಿಂದ ಎಬ್ಬಿಸಿ ಬಯಲಿಗೆ ತಂದು ಕೂರಿಸಿದ್ದ ಗಿರಿಜನರ ಹಾಡಿಗೆ ಅರಣ್ಯ ಇಲಾಖೆಯ ಸಾಹೇಬರು ಬಹಳ ವರ್ಷಗಳ ಮೇಲೆ ಬಂದಿದ್ದರು. ಇಲಾಖೆ ಹಂಚಿದ ಸಸಿಗಳು ಬೇರೆ ಊರುಗಳಲ್ಲೆಲ್ಲ ಒಣಗಿಹೋಗಿದ್ದವು. ಇಲ್ಲಿ ಮಾತ್ರ ತೋಪೇ ಎದ್ದಿತ್ತು.

“ಜನರೇ ಬೆಳೆಸಿದ ಕಾಡು ಅಂದ್ರೆ ಇದು. ನೀರು ಯಾರಮ್ಮ ಹಾಕೋದು?”

“ಅವರವರ ಮನೆಯವರು,” ಎಂದಳು ಮುದುಕಿ.

“ಗಿಡಕ್ಕೆಲ್ಲ ಹೆಸರೂ ಇದೆಯಂತೆ?”

“ಹೂಂ. ಇದು ಬೊಳ್ಳಿ, ಅದು ಕರಿಯ. ಆ ಸಣ್ಣದು ನನ್ನ ಮೊಮ್ಮಗಳು.”

ಇಷ್ಟು ಅಕ್ಕರೆಯನ್ನು ಸಾಹೇಬರು ಯಾವ ಊರಲ್ಲೂ ಕಂಡಿರಲಿಲ್ಲ. “ಬರೋ ಮಳೆಗಾಲಕ್ಕೆ ಒಂದು ಲಾರಿ ಸಸಿ ಕಳಿಸ್ತೀನಿ,” ಎಂದರು.

ಮುದುಕಿ ಪಕ್ಕದಲ್ಲಿದ್ದ ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಬೇಡ ಸ್ವಾಮಿ. ಸತ್ತವರಿಗೆ ತಲೆಗೊಂದರಂತೆ ನೆಡೋದು ನಾವು. ಅಷ್ಟು ಜನ ಈಗ ಹಾಡಿಯಲ್ಲಿ ಉಳಿದಿಲ್ಲ.”