ಅಲುಗದ ನೆಲ

ಗಂಡ ಹೆಗಲ ಮೇಲೆ ಕೈ ಇಟ್ಟದ್ದೇ ತಡ, ಅವಳು ಕಿಟಾರನೆ ಕಿರುಚಿಕೊಂಡಳು. ಗಿರಾಕಿಯ ಅಂಗಿಗೆ ಗುಂಡಿ ಹಾಕುತ್ತಿದ್ದ ಸೂಜಿ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು.

"ನಾನು ಕಣೇ, ನಾನು!" ಎಂದ ಅವನು, ಅವಳಿಗೆ ತನ್ನ ತುಟಿ ಕಾಣುವಂತೆ ಮುಂದೆ ಬಂದು.

"ಹೀಗಾ ಬರೋದು, ಕಳ್ಳನ ಥರ? ಜೀವ ಬಾಯಿಗೆ ಬಂತು!"

ಹತ್ತನೇ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಿವಿ ಪೂರ್ತಿ ಹೋಗಿತ್ತು. ಮಾತು ಮಾತ್ರ ಉಳಿದಿತ್ತು, ತುಸು ಜೋರಾಗಿ. ಎದುರಿನವರ ತುಟಿ ನೋಡಿ ಪಟಪಟನೆ ಉತ್ತರ ಕೊಡುತ್ತಿದ್ದಳು, ಹೊಲಿಗೆ ಕೆಲಸವನ್ನೂ ಹಾಗೇ ಒಬ್ಬಳೇ ನಡೆಸುತ್ತಿದ್ದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಹೀಗೆ ಬೆಚ್ಚಿಬಿದ್ದವಳಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರೂ, ಅವನು ಒಳಗೆ ಕಾಲಿಟ್ಟರೆ ಸಾಕು, ತಿರುಗಿ ಕೂಡ ನೋಡದೆ "ಬಂದ್ರಾ?" ಅನ್ನುತ್ತಿದ್ದಳು. ಗಡಿಯಾರ ರಿಪೇರಿಗೆ ಬಂದವರಲ್ಲಿ ಇದನ್ನು ಅವನು ಹೇಳಿಕೊಳ್ಳದ ಗಿರಾಕಿಯೇ ಇರಲಿಲ್ಲ. "ನನ್ನ ಹೆಂಡ್ತಿಗೆ ಕಿವಿ ಕೇಳಲ್ಲ ಸ್ವಾಮಿ. ಆದ್ರೆ ನಾನು ಬಂದಿದ್ದು ಅವಳ ಮನಸ್ಸಿಗೇ ಗೊತ್ತಾಗಿಬಿಡುತ್ತೆ. ಪ್ರೀತಿ ಅಂದ್ರೆ ಅದು!"

ಇವತ್ತು ಹೊಸ ನೆಲದ ಮೇಲೆ ಮೊದಲ ದಿನ. ಮಹಡಿಯ ಹಳೆಯ ಹಲಗೆ ನೆಲಕ್ಕೆ ಗೆದ್ದಲು ಹಿಡಿದಿತ್ತು, ನಡೆದರೆ ಕಿರ್ರೆನ್ನುತ್ತಿತ್ತು. ಎರಡು ತಿಂಗಳು ಅಂಥದೇ ಹಲಗೆ ನೆಲದ ಹೆಂಡತಿಯ ತಂಗಿ ಮನೆಯಲ್ಲಿದ್ದು, ಇಲ್ಲಿಯದನ್ನು ಕೀಳಿಸಿ ಟೈಲ್ಸ್ ಹಾಕಿಸಿದ್ದ. ಗಡಿಯಾರದವನಲ್ಲವೇ, ಎಲ್ಲದರಲ್ಲೂ ಅತಿ ಸೂಕ್ಷ್ಮ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಟೈಲ್ಸ್ ನೋಡಿದ. ನೀರು ಸುರಿದು ಕಾಲು ಜಾರುತ್ತದೆಯೇ ಎಂದು ಪರೀಕ್ಷೆ ಮಾಡಿದ, ಬೀಗದ ಕೈಯಿಂದ ಗೀಚಿದ, ಕಲೆ ನಿಲ್ಲುತ್ತದೆಯೇ ಎಂದು ನಿಂಬೆರಸ ಹಿಂಡಿ ಒಂದು ದಿನ ಇಟ್ಟ. ಅವನು ಬರುವುದು ಕಂಡರೆ ಟೈಲ್ಸ್ ಅಂಗಡಿಯವರು ಊಟಕ್ಕೆ ಎದ್ದು ಹೋಗುವಂತಾಗಿತ್ತು. ಇಷ್ಟೆಲ್ಲ ಮಾಡಿದವನು ಹೆಂಡತಿಯನ್ನು ಕೇಳಿದ್ದು ಬಣ್ಣ ಒಂದನ್ನೇ. ಅವಳು ಮೂರು ಸಲ "ಹಲಗೇನೇ ಇರ್ಲಿ ಬಿಡಿ" ಅಂದಿದ್ದಳು. "ಸುಮ್ನಿರು ಮಾರಾಯ್ತಿ, ನಿಂಗೆ ಇದೆಲ್ಲ ತಿಳಿಯಲ್ಲ" ಎಂದು ಮೂರು ಸಲವೂ ಬಾಯಿ ಮುಚ್ಚಿಸಿದ್ದ, ಪುಣ್ಯಾತ್ಮ.

"ಇವತ್ತು ನಾನು ಬಂದಿದ್ದು ಯಾಕೆ ಗೊತ್ತಾಗ್ಲಿಲ್ಲ ನಿಂಗೆ?"

ಅವಳು ಬೆರಳು ಚೀಪಿ, ಸೂಜಿಯನ್ನು ಅಂಗಿಗೆ ಸಿಕ್ಕಿಸಿದಳು. "ಹಲಗೆ ಹೇಳ್ತಿತ್ತು ರೀ. ಬಾಗಿಲ ಹತ್ರ ನೀವು ಕಾಲಿಟ್ರೆ ಇಲ್ಲಿ ನನ್ನ ಅಂಗಾಲು ಜುಮ್ ಅಂತಿತ್ತು. ನಿಮ್ಮದು ಬಲಗಾಲು ಎಳೆದು ಹಾಕೋ ಹೆಜ್ಜೆ. ಪಕ್ಕದ ಮನೆ ಅಕ್ಕ ಬಂದ್ರಂತೂ ಕುರ್ಚಿನೇ ಅಲ್ಲಾಡ್ತಿತ್ತು. ಇವತ್ತು ಬೆಳಗ್ಗೆಯಿಂದ ಯಾರು ಬಂದ್ರೋ, ಯಾರು ಕೂಗಿ ಕೂಗಿ ವಾಪಸ್ ಹೋದ್ರೋ, ಒಂದೂ ಗೊತ್ತಾಗಿಲ್ಲ. ನಂಗೆ ನಿಜವಾಗ್ಲೂ ಕಿವಿ ಹೋಗಿದ್ದು ಇವತ್ತೇ ರೀ."

ಅವನು ದಡದಡನೆ ಕೆಳಗಿಳಿದ. ಟೈಲ್ಸ್ ಮೇಸ್ತ್ರಿ ಮೆಟ್ಟಿಲ ಪಕ್ಕದ ಗೋಡೆಗೆ ಕೊನೆಯ ಸಿಮೆಂಟ್ ಬಳಿದು, ಕೈ ತೊಳೆಯುತ್ತಿದ್ದ.

"ಮೇಸ್ತ್ರಿ, ಮತ್ತೆ ಹಲಗೆ ಹಾಕೋಕಾಗುತ್ತಾ?"

"ಯಾವ ಹಲಗೆ ಸಾರ್? ನೀವೇ ಸೌದೆಗೆ ಕೊಟ್ಬಿಡಿ ಅಂದ್ರಲ್ಲ."

"ಹೊಸದು ತರೋಣ. ಇದರ ಮೇಲೇ ಹಾಕಿ."

"ತೊಲೆ ಎಲ್ಲ ತೆಗೆದು ಕಾಂಕ್ರೀಟ್ ಹಾಕಿದೀವಿ. ಇನ್ನು ಮೇಲೆ ಏನು ಅಂಟಿಸಿದ್ರೂ ಕಲ್ಲೇ ಸಾರ್." ಮೇಸ್ತ್ರಿಯ ಮುಖ ಸಣ್ಣದಾಯಿತು. "ಯಾಕೆ, ಕೆಲಸ ಸರಿ ಬಂದಿಲ್ವಾ? ಆನೆ ಕುಣಿದ್ರೂ ಅಲುಗಲ್ಲ ಅದು, ಗ್ಯಾರಂಟಿ ನಂದು."

ಬೈಯೋಣವೆಂದರೆ ಅವನ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ. "ಇಲ್ಲ, ಚೆನ್ನಾಗಿದೆ" ಎಂದು ಹೇಳಿ ಮತ್ತೆ ಮೆಟ್ಟಿಲು ಹತ್ತಿದ.

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?" ಅವನ ದನಿ ಒಡೆದಿತ್ತು. ಅದು ಅವಳಿಗೆ ಕೇಳುವಂತಿರಲಿಲ್ಲ, ಮುಖ ನೋಡಿಯೇ ತಿಳಿದುಕೊಂಡಳು.

"ಊರಿಗೆಲ್ಲ ಪ್ರೀತಿ, ಪ್ರೀತಿ ಅಂತ ಹೇಳ್ಕೊಂಡು ಬಂದಿದ್ರಿ. ಪ್ರೀತಿ ಅಲ್ಲ, ಹಲಗೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಟೈಲ್ಸ್ ಹಾಕಿದ್ರೂ ಹೆಜ್ಜೆ ಒಂಚೂರು ತಿಳಿಯುತ್ತೆ ಅಂದ್ಕೊಂಡಿದ್ದೆ." ಅವಳು ನಗಲು ನೋಡಿದಳು, ಕಣ್ಣು ತುಂಬಿಕೊಂಡಿತು. "ಹೆಜ್ಜೆ ಎಲ್ಲರದ್ದೂ ಗೊತ್ತಾಗ್ತಿತ್ತು. ಸೂಜಿ ನಿಲ್ಲಿಸಿ ಕಾಯ್ತಿದ್ದದ್ದು ನಿಮ್ಮದಕ್ಕೆ ಮಾತ್ರ. ಅಷ್ಟು ತಿಳ್ಕೊಳ್ಳಿ ಸಾಕು."

ಅವನು ಗೋಡೆಗೊರಗಿ ನಿಂತ. ಮೂರು ಸಲ ಹೇಳಿದ್ದಳಲ್ಲ, ಒಂದೇ ಒಂದು ಸಲ ಯಾಕೆ ಎಂದು ಕೇಳಿದ್ದರೆ ತನ್ನ ಗಂಟೇನು ಹೋಗುತ್ತಿತ್ತು ಎಂದುಕೊಂಡ. ಅವಳು ಮೂಗೊರೆಸಿಕೊಂಡು ಮತ್ತೆ ತಲೆ ತಗ್ಗಿಸಿ ಅಂಗಿ ಹಿಡಿದಳು.

ಅಷ್ಟರಲ್ಲಿ ಆರು ವರ್ಷದ ಮಗಳು ಶಾಲೆಯಿಂದ ಬಂದಳು. ದಿನಾ ಮಾಡುವಂತೆ ಬಾಗಿಲಲ್ಲೇ ಚೀಲ ಎಸೆದು, ಎರಡೂ ಕಾಲು ಜೋಡಿಸಿ ಧೊಪ್ಪೆಂದು ಹಾರಿದಳು. ಅಮ್ಮ ತಿರುಗಲಿಲ್ಲ. ಇನ್ನೊಮ್ಮೆ ಹಾರಿದಳು. ಮತ್ತೊಮ್ಮೆ, ಇನ್ನೂ ಎತ್ತರಕ್ಕೆ. ಆಮೇಲೆ ಏದುಸಿರು ಬಿಡುತ್ತ ಬಂದು ಅಪ್ಪನ ಅಂಗಿಯ ತುದಿ ಎಳೆದಳು. ತುಟಿ ಅದುರುತ್ತಿತ್ತು.

"ಅಪ್ಪಾ, ಅಮ್ಮ ನನ್ನ ಜೊತೆ ಟೂ ಬಿಟ್ಟಿದಾಳಾ?"