ತುರ್ತು ಬಾಗಿಲು

ಹೆಗಲ ಮೇಲಿನ ಪೆಟ್ಟಿಗೆಯಿಂದ ಹನಿಯೊಂದು ಜಾರಿ ಕತ್ತಿನ ಮೇಲೆ ಬಿದ್ದಾಗ ಗಂಗಪ್ಪನಿಗೆ ಮೊದಲು ತಣ್ಣಗೆನಿಸಿತು, ಆಮೇಲೆ ಉರಿಯಿತು. ಒರೆಸಿಕೊಂಡು ಮೂಸಿದ. ಥಿನ್ನರ್, ಬಣ್ಣಕ್ಕೆ ಬೆರೆಸುವಂಥದ್ದು, ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುವಂಥದ್ದು. ಪೆಟ್ಟಿಗೆಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ ‘ಮಷೀನ್ ಬಿಡಿಭಾಗ’ ಎಂದು ಬರೆದಿತ್ತು. ಅಂಥವೇ ಇನ್ನಷ್ಟು ನೆಲದ ಮೇಲೆ ಕಾಯುತ್ತಿದ್ದವು. ಪೀಣ್ಯದ ಟ್ರಾವೆಲ್ಸ್ ಆಫೀಸಿನ ಮುಂದೆ ನಿಂತಿದ್ದ ಲಿಂಗಸುಗೂರಿನ ಸ್ಲೀಪರ್ ಬಸ್ಸಿನ ಡಿಕ್ಕಿ ಮೋಟಾರು, ಬೇರಿಂಗು, ಬಟ್ಟೆಗಂಟುಗಳಿಂದ ಆಗಲೇ ತುಂಬಿತ್ತು. ಮಿಕ್ಕದ್ದನ್ನು ಎಲ್ಲಿ ಒಟ್ಟಬೇಕೆಂದು ಗಂಗಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ. ಬಸ್ಸಿನೊಳಗೆ, ಕಟ್ಟಕಡೆಗೆ, ತುರ್ತು ಬಾಗಿಲಿಗೆ ಒತ್ತಿ. ಲೋಡಿಂಗ್ ಕೆಲಸಕ್ಕೆ ಸೇರಿದಾಗಿನಿಂದ ಅವನು ಅಲ್ಲೇ ಒಟ್ಟುತ್ತ ಬಂದಿದ್ದ.

ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದ. ಇವತ್ತು ಆ ಬಾಗಿಲ ಪಕ್ಕದ ಬರ್ತಿನಲ್ಲಿ ಅವನ ಹೆಂಡತಿ ಮರೆವ್ವ ಚಾದರ ಹಾಸಿಕೊಂಡು ಕೂತಿದ್ದಳು. ತೊಡೆಯ ಮೇಲೆ ಮಗಳು. ಆ ಬರ್ತನ್ನು ದುಡ್ಡು ಕೊಟ್ಟು ಯಾರೂ ಕೊಳ್ಳುವುದಿಲ್ಲ. ಮೈ ಮುರಿಯುವಂತೆ ಕುಲುಕುತ್ತದೆ, ಸಾಮಾನು ಕಾಲಿಗೆ ತಾಗುತ್ತದೆ. ಅದಕ್ಕೇ ಕಂಪನಿ ಅದನ್ನು ಕೆಲಸದವರ ಮನೆಯವರಿಗೆ ಪುಕ್ಕಟೆ ಬಿಡುತ್ತಿತ್ತು. ತಂಗಿಯ ಮಗುವಿನ ತೊಟ್ಟಿಲಿಗೆ ಹೊರಟಿದ್ದ ಮರೆವ್ವ ಇದುವರೆಗೆ ಊರಿಗೆ ಕೂತೇ ಹೋದವಳು.

“ಕಾಲ್ ಚಾಚಿ ಮಲಗೂದಂದ್ರ ದೊಡ್ಡ ಸಾವ್ಕಾರ್ತಿ ಆದಂಗಾತು ನೋಡು,” ಎಂದಳು. ಮರುಗಳಿಗೆ ಮೂಗರಳಿಸಿ, “ಏನದು ವಾಸನಿ?”

“ಮಷೀನ್ ಸಾಮಾನು,” ಎಂದ ಗಂಗಪ್ಪ ಪೆಟ್ಟಿಗೆ ಇಳಿಸದೆ, ಹೊತ್ತುಕೊಂಡೇ ಬಸ್ಸಿನಿಂದ ಕೆಳಗೆ ಬಂದ.

ಆಫೀಸಿಗೆ ಎರಡು ಕಿಟಕಿ, ಟಿಕೆಟ್ಟಿಗೊಂದು, ಪಾರ್ಸಲ್ಲಿಗೊಂದು. ಎರಡರ ಹಿಂದೆಯೂ ಮ್ಯಾನೇಜರ್ ದೇವರಾಜನೇ, ಚಕ್ರದ ಕುರ್ಚಿಯಲ್ಲಿ ಅತ್ತಿಂದಿತ್ತ ಉರುಳುತ್ತಿದ್ದ.

“ಸಾರ್, ಇದರಾಗ ಥಿನ್ನರ್ ಐತ್ರಿ. ಸೋರಾಕತ್ತೈತಿ. ಬಾಗಲಕ್ಕ ಒಟ್ಟಿದ್ರ, ಏನರ ಆದ್ರ ಹಿಂದಿನ ಮಂದಿ ಹೊರಗ ಬರಾಕ ದಾರಿನ ಇರೂದಿಲ್ಲ.”

“ಓಹೋ! ಅದು ಬಾಗಿಲು ಅಂತ ಇವತ್ತು ಗೊತ್ತಾಯ್ತಾ?” ದೇವರಾಜ ನಕ್ಕ. “ಇಷ್ಟು ದಿನ ಏನು ಗೋಡೆ ಅನ್ಕೊಂಡಿದ್ಯಾ?”

ಗಂಗಪ್ಪ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಹೊರಳಿಸಿದ.

“ನೋಡು ಗುರು, ಜನ ಶುಕ್ರವಾರ ಹತ್ತುತ್ತಾರೆ, ಹಬ್ಬಕ್ಕೆ ಹತ್ತುತ್ತಾರೆ. ಪಾರ್ಸಲ್ ದಿನಾ ಹತ್ತುತ್ತೆ. ಮಂಗಳವಾರ ಬುಧವಾರ ಅರ್ಧ ಬಸ್ಸು ಖಾಲಿ ಓಡುತ್ತಲ್ಲ, ಅವತ್ತು ಗಾಲಿ ತಿರುಗಿಸೋದು ಯಾರು, ಟಿಕೆಟ್ಟಾ? ಈ ಮಾಲು ಬಿಟ್ರೆ ಕಳಿಸೋ ಪಾರ್ಟಿ ನಾಳೆ ಪಕ್ಕದ ಟ್ರಾವೆಲ್ಸಿಗೆ ಹೋಗ್ತಾನೆ. ಆಮೇಲೆ ಬಸ್ಸೂ ಇಲ್ಲ, ನಿನ್ ಹೆಂಡ್ತಿ ಬರ್ತೂ ಇಲ್ಲ.”

“ನನ್ ಕೂಸು ಐತ್ರಿ ಅದರಾಗ.”

“ಇಳಿಸ್ಕೋ ಹಂಗಾದ್ರೆ. ತೊಟ್ಟಿಲು ನಾಳೆನೇ ಅಲ್ವಾ?”

ಗಂಗಪ್ಪ ಹೋಗಲಿಲ್ಲ. ಪೆಟ್ಟಿಗೆ ಹೆಗಲ ಮೇಲೇ ಇತ್ತು, ಕಿಟಕಿಯ ಕಟ್ಟೆಗೆ ಹನಿ ಬೀಳುತ್ತಿತ್ತು. ದೇವರಾಜ ಅದನ್ನು ನೋಡಿದ. ಕೆಟ್ಟವನಲ್ಲ ಅವನು. ಮಕ್ಕಳೊಂದಿಗನೇ. ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು, “ಸರಿ, ಹೋಗ್ಲಿ ಬಿಡು,” ಎಂದ. “ನಿನ್ ಮುಖ ನೋಡಿ ಮಾಡ್ತಿದ್ದೀನಿ. ಅಷ್ಟನ್ನೂ ಹಿಂದಿರೋ ಸಿಂಧನೂರು ಬಸ್ಸಿಗೆ ಹಾಕು. ಅಲ್ಲಿಂದ ಬೆಳಿಗ್ಗೆ ಟೆಂಪೋದಲ್ಲಿ ಕಳಿಸಿದ್ರಾಯ್ತು.”

ಗಂಗಪ್ಪ ಪೆಟ್ಟಿಗೆ ಇಳಿಸಿ ಕೈ ಮುಗಿದ.

ಲಿಂಗಸುಗೂರಿನ ಬಸ್ಸು ಹೊರಟಿತು. ಹಿಂದಿನ ಕಿಟಕಿಯಲ್ಲಿ ಮಗಳ ಪುಟ್ಟ ಕೈ ಆಡಿತು. ಬಸ್ಸು ತುಮಕೂರು ರಸ್ತೆಯ ವಾಹನಗಳಲ್ಲಿ ಸೇರಿ ಕಾಣದಾಗುವವರೆಗೂ ಗಂಗಪ್ಪ ಕೈ ಬೀಸುತ್ತ ನಿಂತಿದ್ದ.

ಸಿಂಧನೂರಿನ ಬಸ್ಸಿನ ಡಿಕ್ಕಿಯನ್ನು ಮೊದಲು ತೆಗೆದು ನೋಡಿದ. ಅದೂ ತುಂಬಿತ್ತು. ಇನ್ನೊಂದು ಸಲ ಕಿಟಕಿಗೆ ಹೋಗಿ ಕೇಳಬಹುದಿತ್ತು. ಆದರೆ ಈ ಬಸ್ಸಿನಲ್ಲಿ ಅವನವರು ಯಾರೂ ಇರಲಿಲ್ಲ.

ಕೊನೆಯ ಬರ್ತಿನಲ್ಲಿ, ಬೇರೆ ಯಾರೋ ಕೆಲಸದವರ ಮನೆಯವಳಿರಬೇಕು, ನಡುವಯಸ್ಸಿನ ಹೆಂಗಸೊಬ್ಬಳು ಒಬ್ಬಳೇ ಮಲಗಿದ್ದಳು. ಅವಳ ಚಪ್ಪಲಿ ತುರ್ತು ಬಾಗಿಲ ಬುಡದಲ್ಲಿದ್ದವು. “ಚಪ್ಪಲಿ ತಕ್ಕೋರಿ ಅಕ್ಕಾರ,” ಎಂದ. ಅವಳು ಬಗ್ಗಿ ಎತ್ತಿಕೊಂಡಳು. ಅವನು ಒಂದರ ಮೇಲೊಂದು ಪೆಟ್ಟಿಗೆ ಒಟ್ಟಿದ. ಬಾಗಿಲ ಹಿಡಿಕೆ ಮುಚ್ಚಿಹೋಯಿತು. ಅದರ ಮೇಲಿದ್ದ ಕೆಂಪಕ್ಷರಗಳು ಮುಚ್ಚಿಹೋದವು.

“ಬಣ್ಣದ ವಾಸನಿ ಬರಾಕತ್ತೈತಲ್ರಿ ಅಣ್ಣಾ,” ಎಂದಳು ಅವಳು. “ಹಬ್ಬಕ್ಕ ಮನಿಗೆ ಬಣ್ಣ ಹಚ್ಚಿದಂಗ.”

“ಮಷೀನ್ ಸಾಮಾನ್ರಿ.”

ಕಡೆಗೆ ಉಳಿದದ್ದು ಆ ಸೋರುವ ಪೆಟ್ಟಿಗೆ. ಅದಕ್ಕೆ ಎಲ್ಲೂ ಜಾಗವಿರಲಿಲ್ಲ. ಮೇಲೆ ಹಿಡಿಯಲಿಲ್ಲ, ಸಂದಿಯಲ್ಲಿ ತೂರಲಿಲ್ಲ. ಗಂಗಪ್ಪ ಅದನ್ನು ಎದೆಗವಚಿಕೊಂಡು ಸುತ್ತ ನೋಡುತ್ತ ನಿಂತುಬಿಟ್ಟ. ಹೆಂಗಸು ಎದ್ದು ಕೂತಳು.

“ಪಾಪ, ಎಷ್ಟೊತ್ತಂತ ಹೊತ್ಕೊಂಡು ನಿಂದರ್ತೀರಿ? ಇಲ್ಲಿಡ್ರಿ,” ಎಂದು ಕಾಲು ಮಡಚಿಕೊಂಡು, ತಾನು ಕಾಲು ಚಾಚುವ ಜಾಗವನ್ನು ಸೆರಗಿನಿಂದ ಒರೆಸಿ ಬಿಟ್ಟುಕೊಟ್ಟಳು.