ಮೂರು ಗಂಟೆಗೆ ಬಾಗಿಲು ಬಡಿಯುತ್ತಿದ್ದ ಮನೆ

ಗೆಳೆಯರೇ, ಇದನ್ನು ನನಗೆ ಹೇಳಿದವರು ಸಿಸ್ಟರ್ ಸೆವ್ರಿನ್... ಮಂಗಳೂರು ಕಡೆಯ ಕ್ರೈಸ್ತ ಸನ್ಯಾಸಿನಿ. ಅವರನ್ನು ಕೇಳಿಯೇ ನಿಮಗೆ ಕಳಿಸುತ್ತಿದ್ದೇನೆ.

ಮಲಪ್ರಭಾ ಹೊಳೆ ಉಕ್ಕಿ, ದಂಡೆಯ ಒಂದು ಊರು ಪೂರ್ತಿ ಮುಳುಗಿತ್ತು. ನೀರು ಇಳಿದು ಎರಡು ವಾರವಾದ ಮೇಲೆ ಸಿಸ್ಟರ್ ಸೆವ್ರಿನ್ ಮತ್ತು ಇನ್ನಿಬ್ಬರು ಸಿಸ್ಟರ್‌ಗಳು ಸೇವೆಗೆಂದು ಅಲ್ಲಿಗೆ ಬಂದರು.

ಜನರೆಲ್ಲ ದಿಬ್ಬದ ಮೇಲಿನ ಶಾಲೆಯಲ್ಲಿದ್ದರು. ಇವರು ಧರ್ಮ ಬದಲಾಯಿಸಲು ಬಂದಿರಬಹುದು ಎಂದು ಮೊದಲು ಕೆಲವರು ದೂರವೇ ನಿಂತರು...

ಸಿಸ್ಟರ್‌ಗಳು ವಾದ ಮಾಡಲಿಲ್ಲ. ಸಲಿಕೆ, ಬುಟ್ಟಿ ಹಿಡಿದು ಮನೆಮನೆಯ ಕೆಸರು ಹೊತ್ತರು. ಎರಡೇ ದಿನದಲ್ಲಿ ಊರವರು ಅವರನ್ನು 'ಅಕ್ಕಾರ' ಎಂದು ಕರೆಯತೊಡಗಿದರು.

ಆದರೆ ಕೆಳಗಿನ ಆ ಖಾಲಿ ಊರು...

ಎಲ್ಲ ಗೋಡೆಗಳ ಮೇಲೂ ಒಂದೇ ಎತ್ತರಕ್ಕೆ ಕೆಸರಿನ ಗೆರೆ. ತಲೆಗಿಂತ ಒಂದು ಮೊಳ ಮೇಲೆ. ನಾಯಿ ಇಲ್ಲ, ಕೋಳಿ ಇಲ್ಲ. ಬೇವಿನ ಮರದ ತುದಿಗೆ ಸಿಕ್ಕಿಕೊಂಡ ಯಾರದೋ ಹಸಿರು ಸೀರೆ, ಗಾಳಿ ಇಲ್ಲದಿದ್ದರೂ ಮೆಲ್ಲಗೆ ಅಲುಗುತ್ತಿತ್ತು.

ಮೊದಲ ದಿನವೇ, ಮಧ್ಯಾಹ್ನ ಮೂರು ಗಂಟೆಗೆ, ಕೊನೆಯ ಓಣಿಯಿಂದ ಒಂದು ಸದ್ದು ಕೇಳಿಸಿತು.

ದಪ್... ದಪ್... ದಪ್...

ಮುಚ್ಚಿದ ಮನೆಯ ಬಾಗಿಲನ್ನು ಯಾರೋ ಒಳಗಿನಿಂದ ಬಡಿಯುತ್ತಿದ್ದರು.

ಜೊತೆಗೆ ಕೆಸರು ಹೊರುತ್ತಿದ್ದ ಅದೇ ಊರಿನ ಯಮನಪ್ಪನ ಕೈಯಿಂದ ಬುಟ್ಟಿ ಜಾರಿತು. ಅದು ಮಹಾನಂದಾಳ ಮನೆ, ಹೊಳೆ ಬಂದ ದಿನ ಆಕೆ ಅದರೊಳಗೇ ತೀರಿಕೊಂಡಳು ಎಂದು ಅವನು ಪಿಸುಗುಟ್ಟಿದ. ದಿನವೂ ಒಂದು ತಾಸು ಬಡಿದು ತಾನಾಗಿ ನಿಲ್ಲುತ್ತದಂತೆ. ಊಟದ ಹೊತ್ತು ದಾಟಿದರೆ ಆ ಓಣಿಗೆ ಯಾರೂ ಕಾಲಿಡುವುದಿಲ್ಲವಂತೆ.

ಮಹಾನಂದಾಳ ಗಂಡ ಗೋವಾದಲ್ಲಿ ದುಡಿಯುತ್ತಿದ್ದ. ಆ ಮನೆಯವರಲ್ಲಿ ಈಗ ಶಾಲೆಯಲ್ಲಿದ್ದವಳು ಅತ್ತೆ ನಿಂಬೆವ್ವ ಒಬ್ಬಳೇ. ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಮಧ್ಯಾಹ್ನವಾದರೆ ಸೊಸೆಯನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಕೂರುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು.

ಎರಡನೇ ದಿನ, ಮೂರನೇ ದಿನ, ನಾಲ್ಕನೇ ದಿನ... ಅದೇ ಹೊತ್ತು, ಅದೇ ಸದ್ದು.

ಸಿಸ್ಟರ್ ಪ್ರತಿದಿನ ಓಣಿಯ ತುದಿಯಲ್ಲಿ ನಿಂತು, ಶಿಲುಬೆಯ ಗುರುತು ಹಾಕಿ, ಸತ್ತವಳ ಆತ್ಮಕ್ಕೆ ಶಾಂತಿ ಬೇಡಿಕೊಳ್ಳುತ್ತಿದ್ದರು. ಹೆದರಿ, ಓಣಿಯೊಳಗೆ ಕಾಲಿಡದೆ ಮುಂದೆ ಹೋಗಿಬಿಡುತ್ತಿದ್ದರು.

ಐದನೇ ದಿನ ಸದ್ದಿನ ನಡುವೆ ಒಂದು ಕೆಮ್ಮು ಕೇಳಿಸಿತು.

ಸತ್ತವರು ಕೆಮ್ಮುತ್ತಾರೆಯೇ...?

ಯಮನಪ್ಪ ಬೇಡ ಬೇಡ ಎನ್ನುತ್ತಿದ್ದರೂ ಸಿಸ್ಟರ್ ಆ ಓಣಿಯೊಳಗೆ ನಡೆದರು. ಬಾಗಿಲ ಹೊರಗಿನ ಕೊಂಡಿ ಸುಮ್ಮನೆ ನೇತಾಡುತ್ತಿತ್ತು. ನೀರು ಕುಡಿದು ಉಬ್ಬಿದ್ದ ಬಾಗಿಲಿಗೆ ಹೆಗಲು ಕೊಟ್ಟು ತಳ್ಳಿದರು.

ಬಡಿಯುವ ಸದ್ದು ನಿಂತಿತು.

ಬಾಗಿಲು ತೆರೆಯಿತು. ಒಳಗೆ ಕತ್ತಲೆ, ಕೊಳೆತ ಜೋಳದ ವಾಸನೆ... ಬಾಗಿಲ ಹಿಂದೆಯೇ, ಹಸಿ ನೆಲದ ಮೇಲೆ ನಿಂಬೆವ್ವ ಕೂತಿದ್ದಳು. ಎರಡೂ ಅಂಗೈ ಸುಲಿದು ಹೋಗಿದ್ದವು.

ಅವಳು ತಲೆಯೆತ್ತಿ ಕೇಳಿದ್ದು ಒಂದೇ ಮಾತು. "ಹೊರಗ ಕೇಳಸ್ತೇನ, ತಂಗಿ?"

ಸಿಸ್ಟರ್ ಅವಳ ಪಕ್ಕ ಕೆಸರಿನಲ್ಲೇ ಕೂತರು. ಆಮೇಲೆ ನಿಂಬೆವ್ವ ಎಲ್ಲವನ್ನೂ ಹೇಳಿದಳು.

ಆ ದಿನ ಮಹಾನಂದಾಳಿಗೆ ಜ್ವರ. ಮಲಗಿದ್ದಳು. ನಾಯಿ ನುಗ್ಗದಿರಲಿ ಎಂದು ಹೊರಗಿನಿಂದ ಕೊಂಡಿ ಹಾಕಿ, ನಿಂಬೆವ್ವ ಗುಳಿಗೆ ತರಲು ಹೋದಳು. ಅಷ್ಟರಲ್ಲಿ ಹೊಳೆ ಊರೊಳಗೆ ಬಂತು. ಮೂರು ಗಂಟೆಗೆ ತಿರುಗಿ ಬರುವಾಗ ಎದೆಮಟ್ಟ ನೀರು. ಬಾಗಿಲಿಗೆ ಇನ್ನು ಹತ್ತು ಹೆಜ್ಜೆ ಇರುವಾಗ ಒಳಗಿನಿಂದ ಬಡಿಯುವ ಸದ್ದು ಕೇಳಿಸಿತು... ಯಮನಪ್ಪ ಹಿಂದಿನಿಂದ ಬಂದು ಅವಳನ್ನು ಎತ್ತಿ, ಜನರನ್ನು ಸಾಗಿಸುತ್ತಿದ್ದ ಟ್ರ್ಯಾಕ್ಟರ್‌ಗೆ ಹಾಕಿದ. ಸೊಸೆ ಬಡಿಯುತ್ತಿದ್ದಾಳೆ ಎಂದು ಅವಳು ಚೀರಿದರೆ, ಅದು ತೇಲುವ ಕಟ್ಟಿಗೆ ಬಡಿಯುವ ಸದ್ದು ಎಂದುಬಿಟ್ಟ. ಆಮೇಲೆ ಊರೆಲ್ಲ ಸಮಾಧಾನ ಹೇಳಿತು, ಹುಡುಗಿ ನಿದ್ದೆಯಲ್ಲೇ ಹೋದಳು, ಏನೂ ನೋವಾಗಲಿಲ್ಲ ಎಂದು.

"ಖರೇನ ಬಡದ್ಲೋ, ನನ್ನ ತಲ್ಯಾಗಿನ ಸಪ್ಪಳಾನೋ ತಿಳೀವಲ್ದು. ಒಳಗ ಕುಂತು ಬಡದ್ರ ಹೊರಗ ಕೇಳಸ್ತೈತೇನು ಅಂತ ದಿನಾ ಬರ್ತೀನಿ. ಒಬ್ರೂ ಬರಲಿಲ್ಲ. ಕೇಳಸೂದಿಲ್ಲ, ನನಗ ಹುಚ್ಚ ಹಿಡದೈತಿ ಅಂತ ತಿಳಕೊಂಡ್ನಿ."

ಸಿಸ್ಟರ್‌ಗೆ ಎರಡೂ ಕಷ್ಟ. ಕೇಳಿಸುವುದಿಲ್ಲ ಎಂದು ಸುಳ್ಳು ಹೇಳಿದರೆ ಅವಳು ಹುಚ್ಚಿಯಾಗುತ್ತಾಳೆ... ನಿಜ ಹೇಳಿದರೆ ಆ ಸಾವು ಮತ್ತೆ ಅವಳ ಕಣ್ಣ ಮುಂದೆ ಬರುತ್ತದೆ.

"ಕೇಳಿಸುತ್ತದೆ ಅಜ್ಜಿ," ಎಂದರು. "ಐದು ದಿನದಿಂದ ನನಗೆ ಕೇಳಿಸುತ್ತಿದೆ."

ಹೊಸ್ತಿಲಿನಲ್ಲಿ ಯಮನಪ್ಪ ನಿಂತಿದ್ದ. ಯಾವಾಗ ಬಂದನೋ ತಿಳಿಯದು.

"ದೊಡ್ಡವ್ವ, ಅವತ್ತ ನನಗೂ ಕೇಳಿಸಿತ್ತು," ಎಂದ. "ಬಾಗಲಾ ತಗಿಯಾಕ ಹೋಗಿದ್ರ ನಾವಿಬ್ರೂ ಉಳೀತಿರಲಿಲ್ಲ. ಅದಕ್ಕ ಸುಳ್ಳ ಹೇಳಿದ್ನಿ."

ನಿಂಬೆವ್ವ ಅವನತ್ತ ನೋಡಿದಳು. ಮೂರು ವಾರದಲ್ಲಿ ಮೊದಲ ಬಾರಿಗೆ ಅತ್ತಳು. ತನ್ನ ಕಾಲ ಬಳಿ ಕುಸಿದವನ ತಲೆಯ ಮೇಲೆ ಆ ಸುಲಿದ ಅಂಗೈ ಇಟ್ಟಳು.

ಮರುದಿನ ಮೂರು ಗಂಟೆಗೆ ಆ ಓಣಿಯಲ್ಲಿ ಮೂವತ್ತು ಜನರಿದ್ದರು. ಒಬ್ಬರ ಕೈಯಿಂದ ಒಬ್ಬರಿಗೆ ಬುಟ್ಟಿ ದಾಟಿಸುತ್ತಾ ಆ ಮನೆಯ ಕೆಸರನ್ನೆಲ್ಲ ಹೊರಹಾಕಿದರು. ನಿಂಬೆವ್ವ ಕಟ್ಟೆಯ ಮೇಲೆ ಕೂತು, ಪಕ್ಕದ ಹೆಂಗಸರಿಗೆ ಸೊಸೆಯ ಕಥೆ ಹೇಳುತ್ತಿದ್ದಳು.

ನಿಮಗೆ ಎಂಥ ಧೈರ್ಯ ಎಂದು ನಾನು ಸಿಸ್ಟರ್‌ಗೆ ಹೇಳಿದೆ. ಅವರು ಅಲ್ಲ ಎಂದು ತಲೆಯಾಡಿಸಿದರು.

"ನಾಲ್ಕು ದಿನ ನಾನೂ ಪ್ರಾರ್ಥನೆ ಮಾಡಿ ಮುಂದೆ ಹೋದವಳೇ," ಎಂದರು. "ಆ ಸದ್ದನ್ನು ದೇವರಿಗೆ ಒಪ್ಪಿಸಿದೆ ಅಂದುಕೊಂಡಿದ್ದೆ. ದೇವರು ಅದನ್ನು ನನಗೆ ಒಪ್ಪಿಸಿದ್ದು ಗೊತ್ತಾಗಲಿಲ್ಲ."

ಹೆದರಿ ದೂರ ನಿಂತರೆ, ಮನುಷ್ಯರ ನೋವು ಕೂಡ ದೆವ್ವದ ಹಾಗೆಯೇ ಕೇಳಿಸುತ್ತದೆ.

ಕೇಳಿಸಿಯೂ ಕೇಳಿಸದವರಂತೆ ನೀವು ದಿನವೂ ದಾಟಿ ಹೋಗುವ ಸದ್ದು ಯಾರದು...?